ಉಸಿರು ಬಿಡುವುದನ್ನು ಕಲಿತ ತಿಂಗಳು: ಸಿಪ್ಯಾಪ್ ಜೊತೆ ನನ್ನ ಅನುಭವ

ಸಿಪ್ಯಾಪ್ ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲದಂತೆ ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರ. ಮೊದಲ ರಾತ್ರಿ ಅದರ ಮಾಸ್ಕ್ ನನ್ನ ಮುಖದ ಮೇಲಿದ್ದದ್ದು ಹತ್ತೇ ನಿಮಿಷ. ಗಾಳಿ ಮೂಗಿನೊಳಗೆ ನುಗ್ಗುತ್ತಿತ್ತು, ಅದನ್ನು ಹೇಗೋ ತಡೆದುಕೊಂಡೆ. ಆದರೆ ಉಸಿರು ಹೊರಗೆ ಬಿಡಲು ಹೋದರೆ, ಯಾರೋ ಬಾಗಿಲನ್ನು ಆ ಕಡೆಯಿಂದ ಒತ್ತಿ ಹಿಡಿದ ಹಾಗಿತ್ತು. ಎದೆ ಬಿಗಿಯಿತು. ಪಟ್ಟಿ ಕಿತ್ತು ಎದ್ದು ಕೂತೆ. ಹೆಂಡತಿ ಏನೂ ಹೇಳಲಿಲ್ಲ, ಸುಮ್ನೆ ಬೆನ್ನು ಸವರಿದಳು.

ಹಾಗಂತ ಬಿಡುವ ಹಾಗೂ ಇರಲಿಲ್ಲ. ನಿದ್ದೆಯ ಪರೀಕ್ಷೆಯಲ್ಲಿ ಗಂಟೆಗೆ 38 ಸಲ ನನ್ನ ಉಸಿರು ನಿಲ್ಲುತ್ತಿತ್ತು ಇಲ್ಲವೇ ಕುಗ್ಗುತ್ತಿತ್ತು. 30 ದಾಟಿದರೆ ತೀವ್ರ ಎನ್ನುತ್ತಾರೆ. ಬೈಕ್ ಓಡಿಸುವಾಗಲೇ ಕಣ್ಣು ಎಳೆಯುತ್ತಿತ್ತು.

ನನಗೆ ಬರೆದುಕೊಟ್ಟ ಒತ್ತಡ 11. ಇದು ಸೆಂಟಿಮೀಟರ್ ನೀರಿನ ಲೆಕ್ಕ. ಹಾಗಂದರೇನು ಎಂದು ಅಡುಗೆಮನೆಯಲ್ಲೇ ನೋಡಿದೆ. ಉದ್ದನೆಯ ಲೋಟದಲ್ಲಿ ನೀರು ತುಂಬಿ, ಸ್ಟ್ರಾ ತುದಿಯನ್ನು 11 ಸೆಂಟಿಮೀಟರ್ ಆಳಕ್ಕೆ ಇಳಿಸಿ ಊದಿದೆ. ಗುಳುಗುಳು ಎಂದು ಗುಳ್ಳೆ ಬಂತು. ನನ್ನನ್ನು ಎಬ್ಬಿಸಿ ಕೂರಿಸಿದ್ದು ಇಷ್ಟೇ ಒತ್ತಡ. ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರರಲ್ಲಿ ಒಂದು ಪಾಲು! ಅರ್ಧ ಹೆದರಿಕೆ ಅಲ್ಲೇ ಇಳಿಯಿತು.

ಯಂತ್ರ ಮಾರಿದವರು ಡಬ್ಬ ಕೊಟ್ಟು, ಬಟನ್ ತೋರಿಸಿ ಹೋಗಿದ್ದರು. ಒತ್ತಡವನ್ನು ನಿಧಾನವಾಗಿ ಏರಿಸುವ ರ‍್ಯಾಂಪ್ ಇದೆ, ಉಸಿರು ಬಿಡುವಾಗ ಒತ್ತಡ ಸ್ವಲ್ಪ ಇಳಿಯುವ ಹಾಗೆ ಮಾಡಬಹುದು ಎಂದು ಯಾರೂ ಹೇಳಲಿಲ್ಲ. ಮೊದಲ ದಿನವೇ ಹೇಳಬೇಕಾದ ಮಾತಲ್ವಾ ಅದು? ಮತ್ತೆ ಡಾಕ್ಟರ ಹತ್ತಿರ ಹೋದಾಗ ಎರಡನ್ನೂ ಹಾಕಿಕೊಟ್ಟರು. 4ರಿಂದ ಶುರುವಾಗಿ 30 ನಿಮಿಷದಲ್ಲಿ 11ಕ್ಕೆ ಏರುವಂತೆ. ಆದರೆ 4ರಲ್ಲಿ ನನಗೆ ಗಾಳಿಯೇ ಸಾಲದು ಅನ್ನಿಸಿ ಇನ್ನೊಂದು ಥರದ ಕಳವಳ. ಶುರುವನ್ನು 6ಕ್ಕೆ ಇಟ್ಟ ಮೇಲೆ ಸರಿಹೋಯಿತು. ಕಡಿಮೆ ಇದ್ದಷ್ಟೂ ಆರಾಮ ಅನ್ನುವುದು ಎಲ್ಲರಿಗೂ ನಿಜವಲ್ಲ.

ನಿಜವಾಗಿ ನನ್ನನ್ನು ದಾಟಿಸಿದ್ದು ಸಂಜೆಯ ಅಭ್ಯಾಸ. ಟಿವಿ ಮುಂದೆ ಕೂತು ಯಂತ್ರ ಹಾಕಿ, ಮಾಸ್ಕನ್ನು ಪಟ್ಟಿ ಕಟ್ಟದೆ ಕೈಯಲ್ಲೇ ಮೂಗಿಗೆ ಹಿಡಿದೆ. ಬೇಡವೆನಿಸಿದರೆ ಕೈ ತೆಗೆದರಾಯಿತು, ಆ ಧೈರ್ಯ ದೊಡ್ಡದು. ಮೂರನೇ ಸಂಜೆ ಪಟ್ಟಿ ಕಟ್ಟಿದೆ. ಆಗ ಗೊತ್ತಾಯಿತು, ನಾನು ಗಾಳಿಯನ್ನು ಹೊರಗೆ ತಳ್ಳುತ್ತಿದ್ದೆ. ತಳ್ಳಬಾರದು. ಭುಜ ಸಡಿಲ ಬಿಟ್ಟರೆ ಉಸಿರು ತಾನಾಗೇ ಮೆಲ್ಲಗೆ ಹೊರಗೆ ಹೋಗುತ್ತದೆ, ಮಾಸ್ಕಿನ ಸಣ್ಣ ತೂತುಗಳಿಂದ ಸುಯ್ಯೆಂದು ಕೇಳಿಸುತ್ತದೆ. ಬಿಟ್ಟ ಮೇಲೆ ಒಂದು ಕ್ಷಣ ಸುಮ್ಮನಿದ್ದರೂ ಪರವಾಗಿಲ್ಲ. ಬಾಯಿ ತೆರೆದರೆ ಮಾತ್ರ ಗಾಳಿಯೆಲ್ಲ ಬಾಯಿಂದ ಭರ್ರೆಂದು ಹೊರಗೆ ಬರುತ್ತದೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಮಲಗಿದರೆ ನನಗೆ ಅದು ನಿಂತಿತು.

ಎರಡನೇ ವಾರ ಬೆಳಗ್ಗೆ ಎದ್ದರೆ ಹೊಟ್ಟೆ ತಮಟೆಯಂತೆ ಬಿಗಿ, ಬರೀ ತೇಗು. ನಿದ್ದೆಯಲ್ಲಿ ಗಾಳಿ ನುಂಗುತ್ತಿದ್ದೆ. ಡಾಕ್ಟರು ಕೆಲವು ದಿನ ಒತ್ತಡವನ್ನು 10ಕ್ಕೆ ಇಳಿಸಿದರು, ತಲೆದಿಂಬು ಎತ್ತರಿಸಿ ಎಡಮಗ್ಗುಲಿಗೆ ಮಲಗಲು ಹೇಳಿದರು. ಕಡಿಮೆಯಾಯಿತು. ಒತ್ತಡವನ್ನು ನಾನೇ ಬದಲಿಸಲು ಹೋಗಲಿಲ್ಲ. ನಿದ್ದೆಯಲ್ಲಿ ಗಂಟಲು ಕುಸಿಯದಂತೆ ಆನಿಸಿ ಹಿಡಿದಿರುವುದೇ ಆ ಗಾಳಿ, ತೀರಾ ಇಳಿಸಿದರೆ ಗಂಟಲು ಮತ್ತೆ ಮುಚ್ಚಿಕೊಳ್ಳುತ್ತದೆ.

ನಮ್ಮದು ಮಲೆನಾಡು. ಮಳೆಗಾಲದ ಚಳಿಗೆ ಪೈಪಿನಲ್ಲಿ ನೀರು ಕಟ್ಟಿ, ಗೊಳಗೊಳ ಸದ್ದಿನ ಜೊತೆ ಮೂಗಿಗೆ ಹನಿ ಸಿಡಿಯುತ್ತಿತ್ತು. ಯಂತ್ರದ ತೇವಾಂಶ ಒಂದು ಹಂತ ಇಳಿಸಿದೆ, ಪೈಪಿಗೆ ಹಳೆ ಕಾಟನ್ ಸೀರೆ ಸುತ್ತಿದೆ, ಯಂತ್ರವನ್ನು ಮಂಚಕ್ಕಿಂತ ತಗ್ಗಿನ ಸ್ಟೂಲ್ ಮೇಲೆ ಇಟ್ಟೆ.

ನಾಲ್ಕನೇ ವಾರ ಒಂದು ರಾತ್ರಿ ಮೂರು ಗಂಟೆಗೆ ದಿಢೀರ್ ಎಚ್ಚರವಾಯಿತು. ಕೋಣೆಯೆಲ್ಲ ಕತ್ತಲು. ಕರೆಂಟ್ ಹೋಗಿ ಗಾಳಿ ನಿಂತಿತ್ತು, ನಿಂತದ್ದಕ್ಕೇ ಎಚ್ಚರವಾಗಿತ್ತು. ಮಾಸ್ಕ್ ತೆಗೆದು ಕರೆಂಟ್ ಬರುವವರೆಗೆ ಕಾದು ಕೂತೆ. ಬಂದ ಕೂಡಲೇ ಕಟ್ಟಿಕೊಂಡು ಮಲಗಿದೆ. ಮರುದಿನವೇ ಆ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಎಳೆಸಿದೆ.