ಮಾರಿಸ್ ಮೈನರ್ ಕಾರಿನಲ್ಲಿ ದೂರಪ್ರಯಾಣ: ನನ್ನ ಅನುಭವ

ಅರವತ್ತು ವರ್ಷ ದಾಟಿದ ಕಾರಿನಲ್ಲಿ ದೂರ ಹೊರಟಿದ್ದೇನೆ ಎಂದರೆ ಎಲ್ಲರೂ ಮೊದಲು ಕೇಳುವುದು ಎಂಜಿನ್ನಿನ ಬಗ್ಗೆ. ನನಗೆ ಆ ಚಿಂತೆ ಅಷ್ಟಾಗಿ ಇರಲಿಲ್ಲ. ನನ್ನದು 948 ಸಿಸಿ ಎಂಜಿನ್ನಿನ ಮಾರಿಸ್ ಮೈನರ್. ಅಲೆಕ್ ಇಸಿಗೊನಿಸ್ ರೂಪಿಸಿದ ಈ ಕಾರು ಮೊದಲು ಹೊರಬಂದದ್ದು 1948ರಲ್ಲಿ. ಈ ಎಂಜಿನ್ ಅದಕ್ಕೆ ಬಂದದ್ದು 1956ರಲ್ಲಿ. ಎಣ್ಣೆ, ನೀರು ಸರಿಯಾಗಿದ್ದರೆ ಅದು ದಿನವಿಡೀ ಬೇಸರವಿಲ್ಲದೆ ದುಡಿಯುತ್ತದೆ. ಹಳೆಯ ಕಾರನ್ನು ನಡುದಾರಿಯಲ್ಲಿ ನಿಲ್ಲಿಸುವುದು ಸಣ್ಣ ವಸ್ತುಗಳು: ಬಿರುಕು ಬಿಟ್ಟ ರಬ್ಬರು, ಸಡಿಲವಾದ ವೈರು, ಗ್ರೀಸು ಕಾಣದ ಕೀಲು. ಆದ್ದರಿಂದ ನನ್ನ ಸಿದ್ಧತೆಯೆಲ್ಲ ಅವುಗಳ ಸುತ್ತಲೇ ನಡೆಯಿತು.

ರಬ್ಬರಿನಿಂದಲೇ ಆರಂಭಿಸಿದೆ. ರೇಡಿಯೇಟರ್ ಹೋಸುಗಳು, ಫ್ಯಾನ್ ಬೆಲ್ಟ್, ಬ್ರೇಕಿನ ಪೈಪುಗಳು, ಪೆಟ್ರೋಲ್ ಪೈಪುಗಳು ಎಲ್ಲವನ್ನೂ ಹೊಸದಾಗಿ ಹಾಕಿಸಿದೆ. ಎಥೆನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ರಬ್ಬರನ್ನು ಒಳಗಿನಿಂದಲೇ ಮೆತ್ತಗೆ ಮಾಡಿ ತಿನ್ನುತ್ತದೆ. ಹೊರಗೆ ನೋಡಿದರೆ ಪೈಪು ಗಟ್ಟಿಯಾಗಿಯೇ ಕಾಣುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕುವುದಕ್ಕಿಂತ ದೊಡ್ಡ ಅಪಾಯ ಈ ಪ್ರಯಾಣದಲ್ಲಿ ಇನ್ನೊಂದಿಲ್ಲ. ಟೈರಿನ ಮಾತೂ ಹಾಗೆಯೇ. ಮೇಲ್ಮೈಯ ಗೀರುಗಳು ಎಷ್ಟೇ ಆಳವಾಗಿರಲಿ, ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಬೇಕು. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಹೆಚ್ಚು ಓಡದೆ ನಿಂತಿದ್ದ ಕಾರುಗಳಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗಿರುತ್ತದೆ.

ಈ ಕಾರಿನಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವ ಭಾಗ ಮುಂಚಕ್ರದ ಕೆಳಗಿನ ಟ್ರನಿಯನ್, ಅಂದರೆ ಚಕ್ರ ಎಡಬಲಕ್ಕೆ ತಿರುಗಲು ಆಸರೆಯಾದ ತಿರುಪಿನ ಕೀಲು. ಅದರ ತಿರುಪಿನ ಎಳೆಗಳು ಗ್ರೀಸಿಲ್ಲದೆ ಸವೆದರೆ ಕೀಲು ಕಳಚಿ, ಓಡುತ್ತಿರುವಾಗಲೇ ಮುಂಭಾಗ ನೆಲಕ್ಕೆ ಕುಸಿಯಬಹುದು. ಹೊರಡುವ ಮುನ್ನ ಎರಡೂ ಬದಿಯನ್ನು ಬಿಚ್ಚಿ ಪರೀಕ್ಷಿಸಿದೆ. ಗ್ರೀಸ್ ಗನ್ನನ್ನು ಡಿಕ್ಕಿಯಲ್ಲೇ ಇಟ್ಟುಕೊಂಡು, ಸುಮಾರು 1500 ಕಿಲೋಮೀಟರಿಗೊಮ್ಮೆ ಹಳೆಯ ಗ್ರೀಸು ಹೊರಬರುವ ತನಕ ಹೊಸದನ್ನು ಒತ್ತಿದೆ. ದಾರಿಯಲ್ಲಿ ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ನೆಮ್ಮದಿ ಕೊಟ್ಟದ್ದು ಇದೇ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಹೆಚ್ಚಿದಂತೆ ಅದು ಕುದಿಯುವ ಉಷ್ಣತೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ನಾಲ್ಕೂ ಡ್ರಮ್ಮುಗಳು ಕಾದಾಗ ಆಯಿಲ್ ಕುದಿದರೆ ಪೆಡಲು ನೇರ ತಳಕ್ಕೆ ಹೋಗುತ್ತದೆ. ಹಾಗಾಗಿ ಇದ್ದ ಆಯಿಲನ್ನೆಲ್ಲ ಹೊರತೆಗೆದು ಹೊಸದು ತುಂಬಿಸಿದೆ. ಮೈನರ್‌ನಲ್ಲಿ ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಬ್ರೇಕಿನ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ಹಾಸಿನ ಕೆಳಗೆ ಅಡಗಿದೆ. ಬಾನೆಟ್ ತೆರೆದರೆ ಕಾಣದ ಈ ಜಾಗವನ್ನು ನೆನಪಿಟ್ಟು ನೋಡಲೇಬೇಕು. ಇಳಿಯುವಾಗ ಮಾತ್ರ ನನ್ನ ನಿಯಮ ಒಂದೇ: ಯಾವ ಗೇರಿನಲ್ಲಿ ಆ ಏರನ್ನು ಹತ್ತುತ್ತಿದ್ದೆನೋ ಅದೇ ಗೇರಿನಲ್ಲಿ ಇಳಿಯುವುದು.

ದಾರಿ ಆರಿಸುವಾಗ ಹೆದ್ದಾರಿಯನ್ನು ಸಾಧ್ಯವಾದಷ್ಟು ಬಿಟ್ಟೆ. 65-70 ಕಿಲೋಮೀಟರ್ ವೇಗದಲ್ಲಿ ಈ ಎಂಜಿನ್ ಸುಖವಾಗಿರುತ್ತದೆ. ಅದೇ ವೇಗ ಹೆದ್ದಾರಿಯಲ್ಲಿ ಹಿಂದಿನವರಿಗೆ ಅಡ್ಡಿ, ನಮಗೆ ಅಪಾಯ. ಕತ್ತಲಾಗುವ ಮೊದಲೇ ನಿಲ್ಲಿಸುತ್ತಿದ್ದೆ. ಎಂಜಿನ್ನಿನಿಂದ ವಿದ್ಯುತ್ ತಯಾರಿಸುವ ಡೈನಮೊ ನಿಧಾನಗತಿಯಲ್ಲಿ ಬ್ಯಾಟರಿಯನ್ನು ತುಂಬುವುದಿಲ್ಲ. ದೀಪ, ವೈಪರ್ ಎರಡೂ ಹಾಕಿಕೊಂಡು ಸಂಚಾರದಟ್ಟಣೆಯಲ್ಲಿ ತೆವಳಿದರೆ ಬ್ಯಾಟರಿ ಬರಿದಾಗುತ್ತಾ ಹೋಗುತ್ತದೆ. ಇನ್ನೊಂದು ಮಾತು: ಈ ಕಾರಿನಲ್ಲಿ ಇಂದಿನ ಕಾರುಗಳಿಗೆ ತದ್ವಿರುದ್ಧವಾಗಿ ಬ್ಯಾಟರಿಯ ಧನಾಗ್ರ (ಪ್ಲಸ್ ತುದಿ) ಕಾರಿನ ಲೋಹದ ಮೈಗೆ ಜೋಡಣೆಯಾಗಿದೆ. ಸಹಾಯಕ್ಕೆ ಬಂದವರು ಇಂದಿನ ಕಾರಿನ ಅಭ್ಯಾಸದಲ್ಲಿ ತಂತಿ ಜೋಡಿಸಿದರೆ ಎರಡೂ ಕಾರುಗಳಿಗೆ ಹಾನಿಯಾಗಬಹುದು. ಅದಕ್ಕೇ ಬ್ಯಾಟರಿಯ ಪಕ್ಕದಲ್ಲೇ ದಪ್ಪಕ್ಷರದ ಚೀಟಿ ಅಂಟಿಸಿದ್ದೇನೆ.

ಓಡಿಸುವಾಗ ಕಿವಿಗೆ ಬಹಳ ಕೆಲಸ. ಕೀಲಿ ತಿರುಗಿಸಿದ ಕೂಡಲೇ ವಿದ್ಯುತ್ ಪೆಟ್ರೋಲ್ ಪಂಪು ಟಿಕ್ ಟಿಕ್ ಎನ್ನುತ್ತದೆ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್ ತುಂಬಿದಾಗ ಸುಮ್ಮನಾಗುತ್ತದೆ. ಎಡೆಬಿಡದೆ ಬಡಿದುಕೊಂಡರೆ ಪೆಟ್ರೋಲು ಮುಗಿದಿದೆ ಅಥವಾ ಎಲ್ಲೋ ಸೋರುತ್ತಿದೆ. ಸದ್ದೇ ಇಲ್ಲದಿದ್ದರೆ ಅದರೊಳಗಿನ ವಿದ್ಯುತ್ ಸಂಪರ್ಕದ ಪಾಯಿಂಟುಗಳು ಅಂಟಿರುತ್ತವೆ. ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಸಾಮಾನ್ಯವಾಗಿ ಏಳುತ್ತದೆ. ಬಿಸಿಲಿನಲ್ಲಿ ಏರು ಹತ್ತಿ ನಿಲ್ಲಿಸಿದ ಮೇಲೆ ಮತ್ತೆ ಹೊರಡಲು ಕಾರು ಹಟ ಹಿಡಿದದ್ದುಂಟು. ಕಾರ್ಬ್ಯುರೇಟರಿನ ಕೆಳಗೇ ಎಂಜಿನ್ನಿನ ಬಿಸಿ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಮ್ಯಾನಿಫೋಲ್ಡ್ ಇರುವುದರಿಂದ ಒಳಗಿನ ಪೆಟ್ರೋಲು ಕುದಿದು ಆವಿಯಾಗುತ್ತದೆ. ಆಗ ಬಾನೆಟ್ ತೆರೆದು ಕಾಯುವುದೇ ಮದ್ದು. ಸ್ಟಾರ್ಟರನ್ನು ಪೀಡಿಸಬಾರದು.

1888ರ ಆಗಸ್ಟಿನಲ್ಲಿ ಜರ್ಮನಿಯಲ್ಲಿ, ಕಾರಿನ ಆವಿಷ್ಕಾರಕ ಕಾರ್ಲ್ ಬೆಂಜ್‌ನ ಹೆಂಡತಿ ಬರ್ತಾ ಬೆಂಜ್ ತನ್ನ ಇಬ್ಬರು ಮಕ್ಕಳೊಡನೆ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿನಷ್ಟು ದೂರ ಕಾರಿನಲ್ಲಿ ಹೋದಳು. ಇಂಧನ ಕೊಂಡದ್ದು ವೀಸ್‌ಲೋಕ್ ಊರಿನ ಔಷಧದ ಅಂಗಡಿಯಲ್ಲಿ. ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು, ಸವೆದ ಬ್ರೇಕಿಗೆ ಚಮ್ಮಾರನಿಂದ ತೊಗಲು ಹೊಡೆಸಿದಳು. ಜಗತ್ತಿನ ಮೊದಲ ದೂರಪ್ರಯಾಣದ ಚಾಲಕಿ ಕಾರಿನ ಕೆಲಸವನ್ನೂ ತಾನೇ ನೋಡಿಕೊಂಡಳು ಎಂಬುದು ನನಗೆ ಇಂದಿಗೂ ಹುಮ್ಮಸ್ಸು ತುಂಬುವ ಸಂಗತಿ.

ನಾನು ಒಯ್ದ ಬಿಡಿಭಾಗಗಳ ಡಬ್ಬಿ ಚಿಕ್ಕದು: ಎಂಜಿನ್ನಿಗೆ ಕಿಡಿ ಕೊಡುವ ಪಾಯಿಂಟ್ ಸೆಟ್, ಕಂಡೆನ್ಸರ್, ರೋಟರ್, ಕಾಯಿಲ್, ಪ್ಲಗ್ಗುಗಳು; ಮತ್ತೆ ಫ್ಯಾನ್ ಬೆಲ್ಟ್, ಫ್ಯೂಸು, ವೈರು. ಜೊತೆಗೆ ಸಣ್ಣ ಅಂತರ ಅಳೆಯುವ ಫೀಲರ್ ಗೇಜ್, ಏಕೆಂದರೆ ಪಾಯಿಂಟಿನ ಅಂತರ 0.38 ಮಿಲಿಮೀಟರ್ ಇರಬೇಕು, ಕಣ್ಣಳತೆ ಸಾಲದು. ಈ ಮಾದರಿಗೆ ಮೂಲದಲ್ಲಿ ಉಷ್ಣತೆಯ ಮೀಟರು ಇರಲಿಲ್ಲ. ನಾನು ಒಂದನ್ನು ಜೋಡಿಸಿಕೊಂಡೆ. ಮುಳ್ಳು ಏರುವುದು ಕಂಡಾಗ ಹೀಟರ್ ತೆರೆದರೆ ಸ್ವಲ್ಪ ಶಾಖ ಹೊರಬರುತ್ತದೆ, ಕಾಲಿಗೆ ಸುಡುತ್ತದೆ ನಿಜ.

ಮರಳಿದ ಮೇಲೆ ಎಂಜಿನ್ ಬಿಸಿಯಿರುವಾಗಲೇ ಆಯಿಲ್ ಇಳಿಸಿದೆ, ಡ್ರಮ್ಮುಗಳನ್ನು ಬಿಚ್ಚಿದೆ. ಒಳಗಿನ ಪುಡಿಯನ್ನು ಗಾಳಿ ಊದಿ ತೆಗೆಯಬಾರದು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಉಸಿರಿಗೆ ಅದು ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬೇರೆಯಾಗಿ ಇಟ್ಟೆ.