ಏಷ್ಯಾವನ್ನು ಕಪಾಟಿಗೆ ತರುವುದು ಹೇಗೆ?

ಮಾರ್ಚ್ 20ರ ಸುಮಾರಿಗೆ ಗ್ರಂಥಾಲಯಕ್ಕೆ ಅನುದಾನ ಬರುತ್ತದೆ. 31ರೊಳಗೆ ಬಿಲ್ಲು ಮುಗಿಸಬೇಕು. ಪುಸ್ತಕ ವ್ಯಾಪಾರಿ ಪಟ್ಟಿ ಹಿಡಿದು ಬಂದು ಕೂರುತ್ತಾನೆ, ಚಹಾ ಬರುತ್ತದೆ, ಪಟ್ಟಿಯ ಮೇಲೆ ಟಿಕ್ ಬೀಳುತ್ತಾ ಹೋಗುತ್ತದೆ. ಜೂನ್‌ನಲ್ಲಿ ಪೆಟ್ಟಿಗೆ ಒಡೆದರೆ ಜಪಾನ್ ಚರಿತ್ರೆಯ ಒಂದೇ ಗೈಡಿನ ಹನ್ನೆರಡು ಪ್ರತಿ! ಕರಾವಳಿಯಲ್ಲೂ ಘಟ್ಟದ ಮೇಲೂ ಗ್ರಂಥಪಾಲಕನಾಗಿದ್ದ ನಾನು ಇಂಥ ಪೆಟ್ಟಿಗೆಗಳನ್ನು ಬೇಕಾದಷ್ಟು ಒಡೆದಿದ್ದೇನೆ. ಎರಡು ಸಲ ಟಿಕ್ ಹಾಕಿದವನೂ ನಾನೇ. ಏಷ್ಯಾ ಅಧ್ಯಯನಕ್ಕೆ ಪುಸ್ತಕ ಸಂಗ್ರಹಿಸಬೇಕು, ಎಲ್ಲಿಂದ ಶುರು ಮಾಡೋಣ ಸರ್ ಎಂದು ಫೋನು ಮಾಡುವವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಏಷ್ಯಾ?

ಟರ್ಕಿಯಿಂದ ಜಪಾನಿನವರೆಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೊಂಡರೆ ಯಾರಿಗೂ ಉಪಯೋಗವಿಲ್ಲದ ರಾಶಿಯೊಂದು ಬೆಳೆಯುತ್ತದೆ. ಗ್ರಂಥಾಲಯಗಳು ಸಂಗ್ರಹದ ಆಳವನ್ನು 0ಯಿಂದ 5ರವರೆಗೆ ಅಳೆಯುವ ಕ್ರಮವೊಂದಿದೆ. 0 ಎಂದರೆ ನಮಗೆ ಬೇಡ, 2 ಎಂದರೆ ಪರಿಚಯಕ್ಕೆ ಸಾಕು, 3 ಎಂದರೆ ಪಾಠಕ್ಕೆ ಸಾಕು, 4 ಎಂದರೆ ಸಂಶೋಧನೆಗೆ ಸಾಕು, 5 ಎಂದರೆ ಸಿಕ್ಕಿದ್ದೆಲ್ಲವೂ ಬೇಕು. ಪ್ರತಿ ದೇಶ, ಪ್ರತಿ ಭಾಷೆಯ ಮುಂದೆ ಒಂದು ಅಂಕಿ ಬರೆದು ಪ್ರಾಧ್ಯಾಪಕರ ಸಹಿ ಹಾಕಿಸಿಕೊಳ್ಳಿ. ಸಹಿ ಇಲ್ಲದಿದ್ದರೆ ಮುಂದಿನ ವರ್ಷ ಬರುವ ಮುಖ್ಯಸ್ಥರು ಎಲ್ಲವನ್ನೂ ತಿರುವಿ ಹಾಕುತ್ತಾರೆ.

ನನ್ನನ್ನು ಕೇಳಿದರೆ, ಉತ್ತರ ಕನ್ನಡದಲ್ಲಿ ಕುಳಿತವರು ಎರಡಕ್ಕೆ 4 ಕೊಡಬೇಕು. ಮೊದಲನೆಯದು ಅರಬ್ಬಿ ಸಮುದ್ರದ ವ್ಯಾಪಾರ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತಾ ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದು ಹೇಳಿದ್ದಾನೆ. ಗೇರುಸೊಪ್ಪೆಯ ಕಾಳುಮೆಣಸಿನ ಬೆನ್ನು ಹತ್ತಿದ ಪೋರ್ಚುಗೀಸರ ಕಾಗದಪತ್ರಗಳು ಪಣಜಿಯ ದಾಖಲೆ ಭಂಡಾರದಲ್ಲಿವೆ, ಕಾರವಾರದಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು. ಎರಡನೆಯದು ಟಿಬೆಟ್. ಮುಂಡಗೋಡದಲ್ಲಿ 1960ರ ದಶಕದಿಂದ ಟಿಬೆಟನ್ನರ ನೆಲೆಯಿದೆ, ಡ್ರೆಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳಿವೆ. ಟಿಬೆಟನ್ ಓದಬಲ್ಲ ಪಂಡಿತರು ಶಿರಸಿಯಿಂದ ಬಸ್ಸಿನ ದೂರದಲ್ಲಿರುವಾಗ ಕೊರಿಯಾಕ್ಕೆ ಹಣ ಸುರಿಯುವುದೇಕೆ? ಚೀನಾ, ಜಪಾನ್, ಕೊರಿಯಾಗಳಿಗೆ 2 ಸಾಕು.

ಹಣ

ಏಪ್ರಿಲ್‌ನಲ್ಲೇ ಪಟ್ಟಿ ಸಿದ್ಧವಿರಲಿ. ಮಾರ್ಚ್‌ನಲ್ಲಿ ಹಣ ಬಂದಾಗ ವ್ಯಾಪಾರಿ ತನ್ನ ಪಟ್ಟಿ ಬಿಚ್ಚುವ ಮೊದಲು ನಿಮ್ಮದನ್ನು ಮುಂದಿಡಿ.

ಇಂಗ್ಲಿಷ್ ನಿಯತಕಾಲಿಕೆಗಳಿಗೆ ಪ್ರತ್ಯೇಕ ಚಂದಾ ಕಟ್ಟುವ ಮೊದಲು 2025ರ ಜನವರಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ ನಿಮ್ಮ ಸಂಸ್ಥೆ ಇದೆಯೇ ನೋಡಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ಸಂಸ್ಥೆಗಳಿಗೆ ಅದರಲ್ಲಿ ಸಿಗುತ್ತವೆ. ಅಲ್ಲಿ ಕೊಂಕಣಿ ಸಿಗುವುದಿಲ್ಲ, ಭಟ್ಕಳದವರ ಮಾತಾದ ನವಾಯತಿ ಸಿಗುವುದಿಲ್ಲ. ಉಳಿದ ಹಣ ಹೋಗಬೇಕಾದದ್ದು ಇವುಗಳಿಗೆ.

ಸ್ಥಳೀಯ ಭಾಷೆಗಳ ಪುಸ್ತಕಕ್ಕೆ ಹಣ ಎತ್ತಿಡುವುದು ಹೊಸ ವಿಚಾರವೇನಲ್ಲ. ಭಾರತ ಕೊಂಡ ಅಮೆರಿಕದ ಗೋಧಿಗೆ ತೆತ್ತ ರೂಪಾಯಿಯಲ್ಲೇ ಪುಸ್ತಕ ಕೊಳ್ಳಲು ಅಮೆರಿಕದ ಸಂಸತ್ ಗ್ರಂಥಾಲಯ 1962ರಲ್ಲಿ ದಿಲ್ಲಿಯಲ್ಲಿ ಕಚೇರಿ ತೆರೆಯಿತು. ಪಿ.ಎಲ್. 480 ಎಂದು ಹೆಸರಾದ ಆ ಯೋಜನೆಯಿಂದಲೇ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಪುಸ್ತಕಗಳು ಸಾಲಾಗಿ ನಿಂತಿವೆ. ಆ ಕಚೇರಿಯಲ್ಲಿ ಕೆಲಸ ಮಾಡಿದ ಜೀನ್ ಸ್ಮಿತ್ ಅಪರೂಪದ ಟಿಬೆಟನ್ ಗ್ರಂಥಗಳು ಭಾರತದಲ್ಲಿ ಮರುಮುದ್ರಣವಾಗಲು ಕಾರಣರಾದರು. 1999ರಲ್ಲಿ ಅವರು ಆರಂಭಿಸಿದ ಸಂಸ್ಥೆಯೇ ಈಗಿನ ಬೌದ್ಧ ಡಿಜಿಟಲ್ ಸಂಪನ್ಮೂಲ ಕೇಂದ್ರ. ಕೊಳ್ಳುವ ಮೊದಲು ಅದರ ಜಾಲತಾಣದಲ್ಲಿ ಒಮ್ಮೆ ಹುಡುಕಿ.

ಹೆಸರು ಬರೆಯುವುದು

ಎಲ್ಲರೂ ಮುಗ್ಗರಿಸುವುದು ಇಲ್ಲಿ. ಪುಸ್ತಕ ಕಪಾಟಿನಲ್ಲೇ ಇರುತ್ತದೆ, ಕಂಪ್ಯೂಟರ್ ಇಲ್ಲ ಎನ್ನುತ್ತದೆ. ದಾಖಲೆ ಬರೆದವರು ಲೇಖಕರ ಹೆಸರನ್ನು ತಲೆಕೆಳಗು ಮಾಡಿರುತ್ತಾರೆ.

ಒಮ್ಮೆ ವಿಶ್ವಸಂಸ್ಥೆಯ ಕುರಿತ ಪುಸ್ತಕವೊಂದನ್ನು ಹುಡುಕುತ್ತಿದ್ದೆ. ಮೂರು ದಿನ ಸಿಗಲಿಲ್ಲ. ಕೊನೆಗೆ ‘ಥಾಂಟ್, ಯು.’ ಎಂಬಲ್ಲಿ ಕಣ್ಣಿಗೆ ಬಿತ್ತು. 1961ರಿಂದ ಹತ್ತು ವರ್ಷ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಬರ್ಮಾದ ಊ ಥಾಂಟ್! ನಮ್ಮ ಹುಡುಗನಿಗೆ ಇಂಗ್ಲಿಷಿನ ಆ ಒಂಟಿ ಅಕ್ಷರ ಕಂಡದ್ದೇ ತಡ, ಉಡುಪಿಯೋ ಉಪ್ಪಿನಂಗಡಿಯೋ ಇರಬೇಕೆಂದು ಪಕ್ಕದಲ್ಲೊಂದು ಚುಕ್ಕೆ ಇಟ್ಟಿದ್ದಾನೆ. ಬರ್ಮೀ ಭಾಷೆಯಲ್ಲಿ ‘ಊ’ ಎಂದರೆ ನಮ್ಮ ‘ಶ್ರೀ’ ಇದ್ದ ಹಾಗೆ. ಬರ್ಮೀಯರಿಗೆ ಮನೆತನದ ಹೆಸರಿಲ್ಲ.

ಆದ್ದರಿಂದ ಕೀಲಿಮಣೆ ಮುಟ್ಟುವ ಮೊದಲು ಇಷ್ಟು ನೆನಪಿರಲಿ. ಚೀನೀ ಹೆಸರಿನಲ್ಲಿ ಮನೆತನ ಮೊದಲು: ಮಾವೋ ಎಂಬುದೇ ಮನೆತನ, ತಿರುಗಿಸಬೇಡಿ. ಜಪಾನಿಯರದೂ ಹಾಗೆಯೇ, ಆದರೆ ಇಂಗ್ಲಿಷ್ ಮುಖಪುಟಗಳು ಅದನ್ನು ಆಗಲೇ ತಿರುಗಿಸಿರುತ್ತವೆ. ಶಿಂಜೊ ಅಬೆಯಲ್ಲಿ ಅಬೆ ಮನೆತನ. 2020ರಿಂದ ಜಪಾನ್ ಸರ್ಕಾರ ಇಂಗ್ಲಿಷ್ ಕಡತಗಳಲ್ಲೂ ಮನೆತನವನ್ನೇ ಮೊದಲು ಬರೆಯುತ್ತಿರುವುದರಿಂದ ಒಂದೇ ಕಪಾಟಿನಲ್ಲಿ ಎರಡೂ ಕ್ರಮ ಸಿಗುತ್ತವೆ. ಇಂಡೊನೇಷ್ಯಾದ ಸುಕರ್ಣೊಗೆ ಇದ್ದದ್ದು ಒಂದೇ ಹೆಸರು. ಎರಡನೆಯ ಖಾನೆ ಖಾಲಿ ಬಿಟ್ಟರೆ ತಂತ್ರಾಂಶ ಬೈಯುತ್ತದೆಂದು ‘ಮಿಸ್ಟರ್’ ಸೇರಿಸಿದ ದಾಖಲೆಯನ್ನೂ ನೋಡಿದ್ದೇನೆ. ಇಬ್ನ್ ಬತೂತಾನನ್ನು ‘ಬತೂತಾ, ಇಬ್ನ್’ ಮಾಡಬೇಡಿ. ‘ಇಬ್ನ್’ ಎಂದರೆ ಮಗ, ಎರಡೂ ಕೂಡಿಯೇ ಹೆಸರು. ಇನ್ನು ಟಿಬೆಟನ್ನರಲ್ಲಿ ತೆನ್‌ಜಿನ್‌ಗಳು ಎಷ್ಟೋ! ಶಿರಸಿಯಲ್ಲಿ ‘ಹೆಗಡೆಯವರೇ’ ಎಂದು ಕೂಗಿದರೆ ಎಷ್ಟು ಜನ ತಿರುಗುತ್ತಾರೋ ಅಷ್ಟು. ಹುಟ್ಟಿದ ವರ್ಷ ಸೇರಿಸದೆ ಅವರನ್ನು ಬೇರ್ಪಡಿಸಲಾಗದು.

ಆಮೇಲೆ ಕಾಗುಣಿತ. ಶಾಲೆಯಲ್ಲಿ ನಾವು ಓದಿದ ಹ್ಯೂಯೆನ್ ತ್ಸಾಂಗ್, ಹಳೆಯ ಅನುವಾದದ ಯುವಾನ್ ಚ್ವಾಂಗ್, ಹೊಸ ಪುಸ್ತಕಗಳ ಷ್ವಾನ್‌ಜಾಂಗ್ ಮೂವರೂ ಒಬ್ಬರೇ. ಚೀನೀ ಹೆಸರುಗಳನ್ನು ರೋಮನ್ ಅಕ್ಷರದಲ್ಲಿ ಬರೆಯಲು ಅಮೆರಿಕದ ಸಂಸತ್ ಗ್ರಂಥಾಲಯ 2000ದಲ್ಲಿ ಹಳೆಯ ವೇಡ್-ಜೈಲ್ಸ್ ಪದ್ಧತಿ ಬಿಟ್ಟು ಪಿನ್‌ಯಿನ್‌ಗೆ ಬಂತು. ನೀವೂ ಪಿನ್‌ಯಿನ್ ರೂಪವನ್ನೇ ಮುಖ್ಯವಾಗಿಟ್ಟು ಉಳಿದವುಗಳ ಮುಂದೆ ‘ನೋಡಿ’ ಎಂದು ಕೊಂಡಿ ಹಾಕಿ. ಯಾವ ರೂಪ ಸರಿ ಎಂಬ ಸಂಶಯ ಬಂದರೆ ‘ವಿಯಾಫ್’ ಎಂಬ ಅಂತರರಾಷ್ಟ್ರೀಯ ಹೆಸರುಪಟ್ಟಿ ಉಚಿತವಾಗಿದೆ. ಅರ್ಧ ನಿಮಿಷದ ಕೆಲಸ.

ಭಾಷೆ ಮತ್ತು ಲಿಪಿಗೆ ಬೇರೆ ಬೇರೆ ಖಾನೆ ಇರಲಿ. ನಮ್ಮ ಜಿಲ್ಲೆಯಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಭಟ್ಕಳದ ನವಾಯತಿ ಅರಬ್ಬಿ-ಪರ್ಷಿಯನ್ ಲಿಪಿಯಲ್ಲಿರುವುದರಿಂದ ಅದನ್ನು ಉರ್ದುವಿನ ಜೊತೆ ಇಡುತ್ತಾರೆ. ದೇವನಾಗರಿಯ ಕೊಂಕಣಿ ಮರಾಠಿಗೆ ಹೋಗುತ್ತದೆ, ರೋಮನ್ ಲಿಪಿಯದು ಇಂಗ್ಲಿಷಿಗೆ, ಕನ್ನಡ ಲಿಪಿಯದು ಕನ್ನಡಕ್ಕೆ. ಒಂದು ಭಾಷೆ ಮೂರು ಕಡೆ ಹಂಚಿಹೋಗುತ್ತದೆ.

ತಂತ್ರಾಂಶ ಯಾವುದು? ಕೊಹಾ. ಉಚಿತ, ಎಲ್ಲ ಲಿಪಿಗಳನ್ನೂ ಹಿಡಿಯುತ್ತದೆ. ಮಾರ್ಕ್ ಎಂಬ, ಕಂಪ್ಯೂಟರ್ ಓದುವ ನಮೂನೆಯ ಪುಸ್ತಕ ದಾಖಲೆಯಲ್ಲಿ ರೋಮನ್ ರೂಪದ ಜೊತೆಗೆ ಮೂಲ ಲಿಪಿಯ ರೂಪವನ್ನು 880ನೆಯ ಖಾನೆಯಲ್ಲಿ ತುಂಬಬೇಕು. ಬಹಳ ಜನ ಇದನ್ನು ಖಾಲಿ ಬಿಡುತ್ತಾರೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಮಾತ್ರ ದಯವಿಟ್ಟು ಬೆರಳಚ್ಚು ಮಾಡಿಸಬೇಡಿ. ನಾಲ್ಕು ಸಾವಿರ ಕನ್ನಡ ಶೀರ್ಷಿಕೆಗಳು ಒಂದೇ ರಾತ್ರಿಯಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾದದ್ದನ್ನು ಕಂಡಿದ್ದೇನೆ.

ವರ್ಗೀಕರಣ

ತಲೆ ಕೆಡಿಸಿಕೊಳ್ಳಬೇಡಿ. ವಿಷಯಕ್ಕೊಂದು ಅಂಕಿ ಕೊಡುವ ಡ್ಯೂಯಿ ಪದ್ಧತಿಯ ಇತಿಹಾಸ ವಿಭಾಗದಲ್ಲಿ 951 ಚೀನಾ, 952 ಜಪಾನ್, 954 ಭಾರತ, 959 ಆಗ್ನೇಯ ಏಷ್ಯಾ.

ಪೇಚಾ ಮತ್ತು ಓಲೆಗರಿ

ಟಿಬೆಟನ್ ಗ್ರಂಥ, ಅಂದರೆ ಪೇಚಾ, ಹೊಲಿಗೆಯಿಲ್ಲದ ಉದ್ದನೆಯ ಬಿಡಿ ಹಾಳೆಗಳ ಕಟ್ಟು. ಬಟ್ಟೆಯಲ್ಲಿ ಸುತ್ತಿರುತ್ತಾರೆ. ಒಂದು ಕಡೆ ಇದನ್ನು ‘ಬಿಚ್ಚಿಹೋದ ಪುಸ್ತಕ’ ಎಂದು ಬೈಂಡರನಿಗೆ ಕೊಟ್ಟು, ಎಡಗಡೆ ತೂತು ಹೊಡೆಸಿ, ರಟ್ಟು ಹಾಕಿಸಿ, ಬೆನ್ನಿಗೆ ಚಿನ್ನದ ಅಕ್ಷರವನ್ನೂ ಒತ್ತಿಸಿದ್ದರು. ಆ ಅಕ್ಷರಗಳೂ ತಲೆಕೆಳಗು. ಪೇಚಾವನ್ನು ಮಲಗಿಸಿಯೇ ಇಡಬೇಕು. ಹೆಸರಿನ ಚೀಟಿ ಬಟ್ಟೆಯ ತುದಿಯಲ್ಲಿರಲಿ. ನೆಲದ ಮೇಲೆ ಇಡಬೇಡಿ, ಧರ್ಮಗ್ರಂಥವೆಂದು ಅವರು ತಲೆಗೆ ಮುಟ್ಟಿಸಿಕೊಳ್ಳುವ ವಸ್ತು ಅದು.

ಶಿರಸಿ, ಸಿದ್ದಾಪುರದ ಮನೆಗಳ ಅಟ್ಟದಲ್ಲಿ ಓಲೆಗರಿ ಕಟ್ಟುಗಳಿದ್ದರೆ ಕೊಡಿ ಎಂದು ಕೇಳಬೇಡಿ. ಅಡುಗೆಮನೆಯ ಹೊಗೆ ಅವುಗಳನ್ನು ಹುಳುವಿನಿಂದ ಕಾಪಾಡಿದೆ, ನಿಮ್ಮ ಉಕ್ಕಿನ ಕಪಾಟು ಕಾಪಾಡಲಾರದು. ಅಲ್ಲಿಯೇ ಕುಳಿತು ಚಿತ್ರ ತೆಗೆದುಕೊಂಡು, ಒಂದು ಪ್ರತಿ ಮನೆಯವರಿಗೂ ಕೊಟ್ಟು ಬನ್ನಿ. ಅನೇಕ ಕಟ್ಟುಗಳು ತಿಗಳಾರಿ ಲಿಪಿಯ ಸಂಸ್ಕೃತ. ಆ ಲಿಪಿ ನೋಡಲು ಮಲಯಾಳದಂತಿರುತ್ತದೆ, ಮಲಯಾಳವೆಂದು ಬರೆದುಬಿಡಬೇಡಿ.

ಮಳೆಗಾಲ

ಕಪಾಟು ಗೋಡೆಯಿಂದ ಅರ್ಧ ಅಡಿ ದೂರವಿರಲಿ. ಎ.ಸಿ. ಹಾಕಿದರೆ ಇಪ್ಪತ್ತನಾಲ್ಕು ತಾಸೂ ಓಡಬೇಕು. ಸಂಜೆ ಐದಕ್ಕೆ ಆರಿಸಿ ಮನೆಗೆ ಹೋದರೆ ರಾತ್ರಿ ಹೊರಗಿನ ಹಬೆ ನುಗ್ಗಿ ತಣ್ಣಗಿರುವ ರಟ್ಟಿನ ಮೇಲೆ ಕೂರುತ್ತದೆ, ಎ.ಸಿ. ಇಲ್ಲದಿದ್ದುದೇ ವಾಸಿ ಎನ್ನಿಸುತ್ತದೆ. ಪ್ಲಾಸ್ಟಿಕ್ ಹೊದಿಕೆ ಬೇಡ. ನುಸಿಗುಳಿಗೆ ಬೇಡ, ಪುಸ್ತಕಕ್ಕಿಂತ ಮೊದಲು ನಿಮ್ಮ ಗಂಟಲು ಕೆಡುತ್ತದೆ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚುವವರ ಕೈಯಿಂದ ಟೇಪು ಕಿತ್ತುಕೊಳ್ಳಿ.

ನೆನೆದ ಪುಸ್ತಕವನ್ನು ಬಿಸಿಲಿಗಿಡದೆ, ಪುಟಗಳ ನಡುವೆ ಹೀರುಕಾಗದವಿಟ್ಟು ಫ್ಯಾನಿನ ಕೆಳಗೆ ಒಣಗಿಸಿ. ನುಣುಪು ಕಾಗದದ ಚಿತ್ರಪುಸ್ತಕ ನೆನೆದಿದ್ದರೆ ಬೇರೆಲ್ಲವನ್ನೂ ಬಿಟ್ಟು ಮೊದಲು ಅದನ್ನು ಬಿಡಿಸಿ. ಅದು ಒಣಗಿ ಅಂಟಿಕೊಂಡರೆ ಮತ್ತೆ ಬಿಡುವುದಿಲ್ಲ. ನವರಾತ್ರಿ ಕಳೆದು ಗಾಳಿ ಒಣಗಿದ ಮೇಲೆ ಪೇಚಾದ ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ, ಕೊಡವಿ, ಅದೇ ಚೀಟಿ ಅದೇ ಕಟ್ಟಿಗೆ ಸೇರುವಂತೆ ನೋಡಿಕೊಂಡು ಮತ್ತೆ ಸುತ್ತಿ.