ಪಂಜರ ಎಲ್ಲಿಡಬೇಕು ಅಂತ ಊದುಬತ್ತಿ ಹೇಳಿತು

ನಮ್ಮದು ಮೈಸೂರು. ಊದುಬತ್ತಿ ಹಚ್ಚದ ಮನೆ ಈ ಊರಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅಮ್ಮ ಬೆಳಿಗ್ಗೆ ಎರಡು, ಸಂಜೆ ಎರಡು ಹಚ್ಚುತ್ತಿದ್ದರು. ಶುಕ್ರವಾರ ಸಾಂಬ್ರಾಣಿ ಬೇರೆ. ಆ ವಾಸನೆಯಲ್ಲೇ ಬೆಳೆದವನು ನಾನು. ಅದರಿಂದ ಯಾರಿಗಾದರೂ ತೊಂದರೆ ಆದೀತು ಅನ್ನುವ ಯೋಚನೆಯೇ ಬಂದಿರಲಿಲ್ಲ.

ಆಮೇಲೆ ಮನೆಗೆ ಎರಡು ಬಡ್ಜಿ ಬಂದವು. ಅಂಗಡಿಯವರು ‘ಲವ್ ಬರ್ಡ್ಸ್’ ಅಂತಲೇ ಕೊಟ್ಟರು, ನಮ್ಮ ಕಡೆ ಎಲ್ಲರೂ ಹಾಗೇ ಕರೆಯೋದು. ಒಂದು ಶುಕ್ರವಾರ ಸಂಜೆ ಹಸಿರು ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತ್ತು. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಚಳಿ ಇರಬೇಕು ಅಂದುಕೊಂಡು ನಾನು ಪಂಜರಕ್ಕೆ ದಪ್ಪ ಬಟ್ಟೆ ಮುಚ್ಚಿದೆ. ಅಂದರೆ, ಹೊಗೆಯನ್ನೂ ಒಳಗೇ ಕೂಡಿಹಾಕಿದೆ.

ಮಾರನೇ ದಿನ ಡಾಕ್ಟರ್ ಹಕ್ಕಿಯನ್ನು ಮುಟ್ಟುವ ಮೊದಲೇ ಕೇಳಿದ್ದು, “ಮನೇಲಿ ಏನೇನು ಹೊಗೆ ಹಾಕ್ತೀರಿ?” ಅಂತ. ಹಕ್ಕಿಯ ಶ್ವಾಸಕೋಶದ ಜೊತೆ ಗಾಳಿಚೀಲಗಳಿರುತ್ತವೆ. ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ಉಸಿರು ಬಿಡುವಾಗಲೂ ಹೊಸ ಗಾಳಿಯೇ ಶ್ವಾಸಕೋಶದಲ್ಲಿ ಹಾಯುತ್ತದೆ. ಹಾರುವುದಕ್ಕೆ ಇದು ಒಳ್ಳೆಯದೇ. ಆದರೆ ಆಮ್ಲಜನಕ ಎಷ್ಟು ಚೆನ್ನಾಗಿ ಒಳಗೆ ಹೋಗುತ್ತದೋ ವಿಷವೂ ಅಷ್ಟೇ ಚೆನ್ನಾಗಿ ಹೋಗುತ್ತದೆ. ವಿಷಗಾಳಿ ಪತ್ತೆಗೆ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರ ತನಕ ಕ್ಯಾನರಿ ಹಕ್ಕಿ ಇಟ್ಟುಕೊಂಡಿದ್ದು ಇದೇ ಕಾರಣಕ್ಕೆ. ಪುಣ್ಯಕ್ಕೆ ನಮ್ಮದು ಚೇತರಿಸಿಕೊಂಡಿತು.

ಮನೆಗೆ ಬಂದವನೇ ಹಕ್ಕಿಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಒಂದು ಊದುಬತ್ತಿ ಹಚ್ಚಿದೆ. ಫ್ಯಾನ್ ಆರಿಸಿ, ದೇವರಮನೆ ಬಾಗಿಲಲ್ಲಿ ಹಿಡಿದು ನಿಂತೆ. ಹೊಗೆಯ ಎಳೆ ಒಂದು ಗಳಿಗೆ ನೆಟ್ಟಗೆ ಎದ್ದು, ಬಾಗಿ, ಹಾಲ್ ದಾಟಿ ಸೀದಾ ಹೊರಟಿದ್ದು ಪಂಜರ ತೂಗುಹಾಕಿದ್ದ ಕಿಟಕಿಗೆ! ‘ಇಲ್ಲಿ ಗಾಳಿ ಚೆನ್ನಾಗಿದೆ’ ಅಂತ ನಾವೇ ಆರಿಸಿದ ಜಾಗ. ಗಾಳಿ ಇತ್ತು ನಿಜ, ಆದರೆ ಅದು ಮನೆಯ ಗಾಳಿಯೆಲ್ಲ ಹೊರಗೆ ಹೋಗುವ ದಾರಿ. ಆಮೇಲೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ಮುಂದಿನ ರೂಮಿನ ಕಿಟಕಿ ತೆಗೆದೆ. ಎಳೆ ಅಡುಗೆಮನೆ ಕಡೆ ತಿರುಗಿತು. ಪಂಜರ ಈಗ ಆ ಮುಂದಿನ ರೂಮಿನಲ್ಲಿದೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮುಂಚೆ ಎಕ್ಸಾಸ್ಟ್ ಹಾಕುವುದು, ಆ ಕಿಟಕಿ ತೆಗೆಯುವುದು ಅಭ್ಯಾಸವಾಗಿದೆ.

ನಾನ್‌ಸ್ಟಿಕ್ ತವಾಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಖಾಲಿ ತವಾ ಜೋರು ಉರಿಯಲ್ಲಿ ಕೆಲವೇ ನಿಮಿಷಕ್ಕೆ 260 ಡಿಗ್ರಿ ಮುಟ್ಟಿಬಿಡುತ್ತದೆ. ಅದರಾಚೆ ಕಾದಾಗ ಮೇಲಿನ ಲೇಪನದಿಂದ ಬರುವ ಆವಿ ಬೇರೆ ರೂಮಿನಲ್ಲಿರುವ ಹಕ್ಕಿಯನ್ನೂ ಕೊಲ್ಲಬಲ್ಲದು. ಫೋನ್ ಬಂತು ಅಂತ ತವಾ ಮರೆಯುವವರು ನಾವು. ಹಾಗಾಗಿ ಅಟ್ಟದಿಂದ ಅಜ್ಜಿಯ ಕಬ್ಬಿಣದ ಕಾವಲಿ ಇಳಿಯಿತು. ಮೊದಲ ವಾರ ಒಂದು ದೋಸೆಯೂ ಇಡಿಯಾಗಿ ಏಳಲಿಲ್ಲ. ಎಣ್ಣೆ ಸವರಿ, ಅರ್ಧ ಈರುಳ್ಳಿಯಲ್ಲಿ ಉಜ್ಜಿ ಉಜ್ಜಿ ಪಳಗಿಸಬೇಕಾಯಿತು.

ಸೊಳ್ಳೆ ಬತ್ತಿ, ಲಿಕ್ವಿಡ್ ಮಷೀನು ಎರಡನ್ನೂ ನಿಲ್ಲಿಸಿ ಕಿಟಕಿಗಳಿಗೆ ಜಾಲರಿ ಹೊಡೆಸಿದೆವು. ರೂಮ್ ಫ್ರೆಶ್ನರ್ ಹೋಯಿತು. ಸೆಂಟು ಹೊರಗೆ ಬಂದು ಹಾಕಿಕೊಳ್ಳುತ್ತೇನೆ. ‘ಬೇವಿನ ಸೊಪ್ಪಿನ ಹೊಗೆ ಹಾಕಿ, ನ್ಯಾಚುರಲ್ ಅಲ್ವಾ’ ಅಂದವರು ಬಹಳ ಜನ. ಹೊಗೆ ಹೊಗೆಯೇ. ಬಿಸಿನೀರಿಗೆ ತೊಟ್ಟಿಕ್ಕಿಸುವ ಸುಗಂಧದ ಎಣ್ಣೆಯನ್ನೂ ನಾನು ನಂಬುವುದಿಲ್ಲ.

ರಜೆಗೆ ಅಕ್ಕ ಬಂದಾಗ ಅವಳ ಮೊಲವೂ ಬರುತ್ತದೆ. ಅದರದ್ದು ಬೇರೆ ಕಥೆ. ಮೊಲ ಉಸಿರಾಡುವುದು ಮೂಗಿನಿಂದಲೇ, ನಮ್ಮ ಹಾಗೆ ಬಾಯಿಂದಲ್ಲ. ಅದರದೇ ಮೂತ್ರದ ಅಮೋನಿಯಾ ಘಾಟು ಸಾಕು ಮೂಗು ಕಟ್ಟಲು. ಫಿನಾಯಿಲ್ ಹಾಕಿ ಆ ಘಾಟು ಮುಚ್ಚಿದರೆ ಎರಡು ಘಾಟು ಆಗುತ್ತದೆ ಅಷ್ಟೇ. ದಿನಾ ಹಾಸು ಬದಲಿಸಿ, ವಿನೆಗರ್ ಬೆರೆಸಿದ ನೀರಲ್ಲಿ ತಟ್ಟೆ ತೊಳೆದು, ಒಣಗಿಸಿ ಇಡುತ್ತೇವೆ.

ಅಮ್ಮನನ್ನು ಒಪ್ಪಿಸುವುದೇ ಕಷ್ಟವಾಗಿದ್ದು. “ಹಕ್ಕಿಗೋಸ್ಕರ ದೇವರಿಗೆ ಊದುಬತ್ತಿ ಬೇಡ್ವಾ?” ಅಂತ ನಾಲ್ಕು ದಿನ ಮುನಿಸು. ಈಗ ಒಳಗೆ ಎಣ್ಣೆ ದೀಪ, ಮಲ್ಲಿಗೆ ಹೂವು. ಊದುಬತ್ತಿ, ಸಾಂಬ್ರಾಣಿ ಎಲ್ಲ ಹಿತ್ತಲ ತುಳಸಿಕಟ್ಟೆಯಲ್ಲಿ. ಶುಕ್ರವಾರ ಕೆಂಡಕ್ಕೆ ಪುಡಿ ಹಾಕುವ ಮುಂಚೆ ಅಲ್ಲಿಂದಲೇ ಕೂಗುತ್ತಾರೆ, “ಹಿಂದಿನ ಕಿಟಕಿ ಹಾಕಿದ್ಯೇನೋ?”